ಅಜ್ಜಿ ಮನೆಗೆ ಎಷ್ಟು ಸಲ

ಎಂಟು ತುಂಬುವವರೆಗೆ ನನ್ನ ಮಗಳು ಕಸ್ತೂರಿ ಒಂದು ಬಾಗಿಲನ್ನೂ ತಟ್ಟಿದವಳಲ್ಲ. ತಪ್ಪು ಅವಳದಲ್ಲ, ನನ್ನದು. ನಮ್ಮೂರಿನ ಯಾವ ಬಾಗಿಲಾದರೂ ಸರಿ, ಮೂರು ಹೆಜ್ಜೆಯಷ್ಟು ಹತ್ತಿರಕ್ಕೆ ನಾನು ಹೋದರೆ ತಾನಾಗಿ ತೆರೆದುಕೊಳ್ಳುತ್ತದೆ. ನಮ್ಮಮ್ಮನಿಗೂ ಹಾಗೆಯೇ, ಅವಳಮ್ಮನಿಗೂ ಹಾಗೆಯೇ ಇತ್ತು. ನಮ್ಮನ್ನು ಹೊಸ್ತಿಲವರು ಅನ್ನುತ್ತಾರೆ. ನನ್ನ ಗಂಡ ದುಗ್ಗಪ್ಪ ಅಂಗಳದವರು. ಅವರ ಜನಕ್ಕೆ ಬಾಗಿಲು ತೆರೆಯುವುದಿಲ್ಲ. ನೂಕಿದರೂ ಇಲ್ಲ, ಗೋಗರೆದರೂ ಇಲ್ಲ. ತಟ್ಟಿ ಕಾಯಬೇಕು. ಒಳಗಿನಿಂದ ಯಾರು ಬೇಕಾದರೂ ತೆಗೆಯಬಹುದು, ಆದರೆ ಯಾರಾದರೂ ಎದ್ದು ಬರಬೇಕಲ್ಲ. ಬಂದರೆ ಒಳಗೆ, ಬರದಿದ್ದರೆ ಅಂಗಳದಲ್ಲೇ. ಹೀಗೇಕೆ ಎಂದು ನನ್ನನ್ನು ಕೇಳಬೇಡಿ. ನಾನು ಹುಟ್ಟುವಾಗಲೇ ಹೀಗಿತ್ತು, ಯಾರೂ ತಲೆ ಕೆಡಿಸಿಕೊಂಡಿದ್ದನ್ನು ನಾನು ಕಾಣೆ. ತಲೆ ಕೆಡಿಸಿಕೊಂಡವರೆಲ್ಲ ಅಂಗಳದಲ್ಲಿದ್ದರು, ಅವರ ಮಾತು ಒಳಗಿನವರೆಗೆ ಕೇಳುತ್ತಿರಲಿಲ್ಲ.

ಯಾರು ಯಾವ ಜನ ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ಅಂಗಳದವರ ಹಿರೀಕರು ಯಾವ ಕಾಲದಲ್ಲೋ ಉಪ್ಪಿನ ದೋಣಿಗಳಲ್ಲಿ ಬಂದು ಇಳಿದವರಂತೆ. ಕಪ್ಪು ಮೈ, ಬಾಚಣಿಗೆ ಮುರಿಯುವಂಥ ಗುಂಗುರು ಕೂದಲು. ಅವರಿರುವುದು ಪರದೆಕೇರಿಯಲ್ಲಿ. ಅಲ್ಲಿಯ ಮನೆಗಳಿಗೆ ಬಾಗಿಲೇ ಇಲ್ಲ, ಗೋಣಿತಾಟಿನ ಪರದೆ ಇಳಿಬಿಟ್ಟಿರುತ್ತಾರೆ. ಪರದೆ ಯಾರ ಕುಲವನ್ನೂ ಕೇಳುವುದಿಲ್ಲ. ಮದುವೆಯಾದ ಮೇಲೆ ನಾನೂ ಅಲ್ಲಿಗೇ ಬಂದೆ. ಬಂದ ಹೊಸದರಲ್ಲಿ ಪರದೆಯ ಮುಂದೆ ಬಂದು, ಅದು ತಾನಾಗಿ ಸರಿಯಲಿ ಎಂದು ನಿಂತುಬಿಡುತ್ತಿದ್ದೆ. ಕೇರಿಯ ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು.

ಮದುವೆಯ ದಿನದ್ದೊಂದು ಕಥೆ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮದು ರಿಜಿಸ್ಟರ್ ಮದುವೆ. ಕಚೇರಿಯ ಬಾಗಿಲು ನನಗೆ ತೆರೆಯಿತು, ನಾನು ಒಳಗೆ ಹೋದೆ. ಇವರು ನನ್ನ ಹಿಂದೆಯೇ ಬರಬಹುದಿತ್ತು. ಬರಲಿಲ್ಲ. ಬೇರೆಯವರಿಗೆ ತೆರೆದ ಬಾಗಿಲಲ್ಲಿ ನುಸುಳುವುದು ಅಂಗಳದವರಿಗೆ ಅವಮಾನ. ನನಗದು ಗೊತ್ತಿರಲಿಲ್ಲ. ಬೆಂಚಿನ ಮೇಲೆ ಕೂತು ಸೀರೆಯ ನೆರಿಗೆ ಸರಿ ಮಾಡಿಕೊಳ್ಳುತ್ತಿದ್ದೆ. ಗುಮಾಸ್ತ ಕೇಳಿದ, "ಗಂಡು ಎಲ್ಲಮ್ಮಾ?" ನಾನು ಹೇಳಿದೆ, "ಬರ್ತಾರೆ, ಇನ್ನೇನು ಬಂದುಬಿಡ್ತಾರೆ." ಅಷ್ಟು ಹೊತ್ತೂ ಇವರು ಹೊರಗೆ ಬಾಗಿಲು ತಟ್ಟುತ್ತಿದ್ದರು. ಆ ಸದ್ದು ನನಗೆ ಕೇಳಲಿಲ್ಲ ಅಂದರೆ ಸುಳ್ಳು. ಕೇಳಿತು. ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿದರೆ ಹೇಗೆ ಕೇಳುತ್ತದೋ ಹಾಗೆ. ಹುಟ್ಟಿದಾಗಿನಿಂದ ಒಳಗೆ ಕೂತು ಆ ಸದ್ದು ಕೇಳಿದವಳು ನಾನು. ಯಾರೋ ತಟ್ಟುತ್ತಾರೆ, ಯಾರೋ ತೆಗೆಯುತ್ತಾರೆ. ಅರ್ಧ ಗಂಟೆಯ ಮೇಲೆ ಜವಾನ ಚಹಾ ತರಲು ಹೊರಟ, ಬಾಗಿಲು ತೆರೆಯಿತು. ಇವರು ಹಾರದ ಪೊಟ್ಟಣ ಹಿಡಿದು ನಿಂತಿದ್ದರು. "ಕೂತು ಕೂತು ಸುಸ್ತಾಯ್ತಾ ಇಂದೂ?" ಎಂದು ನಕ್ಕರು. ನಾನೂ ನಕ್ಕೆ. ಅದು ನಗುವ ವಿಷಯವಲ್ಲ ಎಂದು ತಿಳಿಯಲು ನನಗೆ ಹತ್ತು ವರ್ಷ ಬೇಕಾಯಿತು.

ಆ ಮದುವೆಯ ಮೇಲೆ ನಮ್ಮಮ್ಮ ನನ್ನ ಮುಖ ನೋಡಲಿಲ್ಲ. ಒಂದೇ ಊರು, ಹತ್ತು ನಿಮಿಷದ ದಾರಿ. ಸಂತೆಯಲ್ಲಿ ಎದುರಾದರೆ ಬದನೆಕಾಯಿ ಆರಿಸುವವಳ ಹಾಗೆ ಬಗ್ಗಿಬಿಡುತ್ತಿದ್ದಳು. ಅಪ್ಪ ನಾನು ಚಿಕ್ಕವಳಿರುವಾಗಲೇ ಹೋದವರು. ನನಗೆ ಅವಳು, ಅವಳಿಗೆ ನಾನು ಎಂದು ಬೆಳೆದವರು ನಾವು. ಪರದೆಕೇರಿಯಲ್ಲಿ ಎಲ್ಲರೂ ನನ್ನನ್ನು ಚೆನ್ನಾಗಿಯೇ ನೋಡಿಕೊಂಡರು, ಆದರೂ ನಾನು ಹೋದಲ್ಲಿ ಮಾತು ಸ್ವಲ್ಪ ತಗ್ಗುತ್ತಿತ್ತು. ಅವರ ನಗುವಿನ ಒಳಗೆ ನನಗೆ ಗೊತ್ತಿಲ್ಲದ್ದು ಏನೋ ಇರುತ್ತಿತ್ತು. ಎರಡು ವರ್ಷ ನಾನು ಅಲ್ಲಿಗೂ ಸಲ್ಲದೆ ಇಲ್ಲಿಗೂ ಸಲ್ಲದೆ ಕಳೆದೆ. ಅದರ ನಡುವೆಯೇ ಕಸ್ತೂರಿ ಹುಟ್ಟಿದಳು. ಬಣ್ಣ ಇವರದಕ್ಕಿಂತ ಒಂದು ತೂಕ ಕಡಿಮೆ, ಮೂಗು ನಮ್ಮಮ್ಮನದು, ಕೂದಲು ಮಾತ್ರ ಸಾಕ್ಷಾತ್ ಇವರದೇ. ಅವಳು ಯಾವ ಜನವೆಂದು ನೋಡಿದವರಿಗೆ ಹೇಳಲಾಗುತ್ತಿರಲಿಲ್ಲ.

ಮಗು ಎದ್ದು ನಿಲ್ಲತೊಡಗಿದ ತಿಂಗಳು ಅಮ್ಮನಿಂದ ಚೀಟಿ ಬಂತು. ಹೊಸ್ತಿಲಿಗೆ ಕರೆದುಕೊಂಡು ಬಾ, ಅಷ್ಟೇ ಬರೆದಿದ್ದಳು. ನಮ್ಮಲ್ಲಿ ಹಾಗೊಂದು ಪದ್ಧತಿ. ಮೊದಲ ಹೆಜ್ಜೆ ಇಡುವ ಮಗುವನ್ನು ತಾಯಿಮನೆಯ ಮುಚ್ಚಿದ ಬಾಗಿಲ ಮುಂದೆ ಒಂಟಿಯಾಗಿ ನಿಲ್ಲಿಸಿ ಎಲ್ಲರೂ ಹಿಂದೆ ಸರಿಯುತ್ತಾರೆ. ಬಾಗಿಲು ತೆರೆದರೆ ಹೊಸ್ತಿಲಿಗೆ ಅರಿಸಿನ ಕುಂಕುಮ, ಬಂದವರಿಗೆ ಹೆಸರುಬೇಳೆ ಪಾಯಸ. ತೆರೆಯದಿದ್ದರೆ ಏನು ಮಾಡುತ್ತಾರೆಂದು ಯಾರೂ ಹೇಳಿರಲಿಲ್ಲ, ಯಾಕೆಂದರೆ ಹೊಸ್ತಿಲವರ ಮಗುವಿಗೆ ಯಾವತ್ತೂ ಹಾಗಾಗಿರಲಿಲ್ಲ. ಮಗುವನ್ನು ನಿಲ್ಲಿಸಿ ನಾನು ಹಿಂದೆ ಹಿಂದೆ ಬಂದೆ. ಬಾಗಿಲು ಕಲ್ಲಿನ ಹಾಗಿತ್ತು. ಮಗು ಅದರ ಹಿತ್ತಾಳೆ ಗುಬುಟುಗಳನ್ನು ನೋಡುತ್ತ ಒಂದು ಹೆಜ್ಜೆ ಇಟ್ಟಿತು, ಇನ್ನೊಂದು ಇಟ್ಟಿತು, ತೂರಾಡಿತು. "ಅಯ್ಯೋ ಬೀಳ್ತೀಯ ಕಂದಾ" ಎಂದು ನಾನು ಓಡಿದೆ. ಬಾಗಿಲು ತೆರೆಯಿತು. ಮಗು ಬೀಳುತ್ತದೆಂದು ಓಡಿದೆನೋ, ಬಾಗಿಲು ತೆರೆಯಲಿ ಎಂದು ಓಡಿದೆನೋ, ಎದೆ ಮುಟ್ಟಿಕೊಂಡು ಹೇಳು ಅಂದರೆ ಇವತ್ತಿಗೂ ಹೇಳಲಾರೆ. ಅಮ್ಮ ಅಳುತ್ತ ಬಂದು ಮಗುವನ್ನು ಎತ್ತಿಕೊಂಡಳು, ಆಮೇಲೆ ನನ್ನ ಕೆನ್ನೆ ಸವರಿದಳು. "ಸೊರಗಿಹೋಗಿದೀಯಲ್ಲೇ" ಎಂದಳು. ಎರಡು ವರ್ಷದ ಮೇಲೆ ಅವಳ ಕೈ. ನಾನು ಬಾಯಿ ಬಿಡಲಿಲ್ಲ. ಬೀದಿಯ ಆಚೆ, ಬೇವಿನ ಮರದ ಕೆಳಗೆ, ಇವರು ನಿಂತಿದ್ದರು. ಎಲ್ಲವನ್ನೂ ನೋಡಿದ್ದರು.

ಅಂದಿನಿಂದ ಶುರುವಾಯಿತು ನನ್ನ ಕಾವಲು. ಕಸ್ತೂರಿ ಎಲ್ಲಿಗೆ ಹೋದರೂ ಅವಳಿಗಿಂತ ಅರ್ಧ ಹೆಜ್ಜೆ ಮುಂದೆ ನಾನು. ಅಂಗಡಿ, ದವಾಖಾನೆ, ಗುಡಿ, ಶುಕ್ರವಾರ ಶುಕ್ರವಾರ ಅಮ್ಮನ ಮನೆ. ಶಾಲೆಗೆ ಸೇರಿಸಿದ ಮೇಲೆ ದಿನಾ ಬಾಗಿಲವರೆಗೆ ಬಿಟ್ಟು ಬರುತ್ತಿದ್ದೆ. ಬಿಡುವಿನಲ್ಲಿ ಮಕ್ಕಳ ಗುಂಪಿನಲ್ಲಿ ಹೊರಗೆ ಬಂದು ಗುಂಪಿನಲ್ಲೇ ಒಳಗೆ ಹೋಗುತ್ತಿದ್ದಳು. ಬೆಳಿಗ್ಗೆ ಅವಳ ಕೂದಲಿಗೆ ಅಂಗೈ ತುಂಬ ಕೊಬ್ಬರಿ ಎಣ್ಣೆ ಸುರಿದು, ಕಣ್ಣಲ್ಲಿ ನೀರು ಬರುವ ಹಾಗೆ ಬಿಗಿದು ಎರಡು ಜಡೆ ಹಾಕುತ್ತಿದ್ದೆ. "ಯಾಕಮ್ಮ ಇಷ್ಟು ಬಿಗೀತೀಯ?" ಅಂದರೆ "ಅಚ್ಚುಕಟ್ಟಾಗಿರಬೇಕು" ಅನ್ನುತ್ತಿದ್ದೆ. ಅವಳು ತನಗೆ ಬಾಗಿಲು ತೆರೆಯುತ್ತದೆಂದೇ ತಿಳಿದಿದ್ದಳು. ಕೇರಿಯ ಮಕ್ಕಳು ಮೂರನೇ ವರ್ಷಕ್ಕೇ ತಟ್ಟುಹಲಗೆ ಹಿಡಿದು ಕಲಿಯುವಾಗ ಇವಳು ಅವರನ್ನು ನೋಡಿ ಅಯ್ಯೋ ಪಾಪ ಅನ್ನುತ್ತಿದ್ದಳು. ನನ್ನ ಮಗಳ ಬಾಯಲ್ಲಿ ಆ ಪಾಪ ಕೇಳಿ ಇವರು ಎದ್ದು ಹಿತ್ತಿಲಿಗೆ ಹೋಗುತ್ತಿದ್ದರು.

ತಟ್ಟುಹಲಗೆ ಅಂದರೆ ತಟ್ಟುವುದನ್ನು ಕಲಿಯುವ ಮೊಳದುದ್ದದ ಹಲಸಿನ ಹಲಗೆ. ಇವರದು ಅಪ್ಪನಿಂದ ಬಂದದ್ದು, ನಡುವೆ ಬೆರಳ ಗೆಣ್ಣು ಬಿದ್ದೂ ಬಿದ್ದೂ ಬಟ್ಟಲಿನಂತೆ ಗುಳಿಯಾಗಿತ್ತು. ಕಸ್ತೂರಿಗೆ ಮೂರು ತುಂಬಿದ ದಿನ ಅದನ್ನು ಒರೆಸಿ ತಂದರು.

"ಕಲಿಸೋಣ ಇಂದೂ. ಬೇಗ ಕಲಿತಷ್ಟೂ ಒಳ್ಳೇದು."

"ಅದೆಲ್ಲ ನಿಮ್ಮಲ್ಲಿ. ಅವಳು ನನ್ನ ಮಗಳು."

"ನನ್ನ ಮಗಳೂ ಹೌದಲ್ಲ."

"ನಾನಿರ್ತೀನಲ್ರೀ ಜೊತೆಗೆ. ಸುಮ್ನೆ ಅಷ್ಟು ಸಣ್ಣ ಮಗೂಗೆ ಇಲ್ಲದ್ದೆಲ್ಲ ತಲೇಲಿ ತುಂಬಬೇಡಿ."

ಇವರು ಜಗಳವಾಡುವವರಲ್ಲ. ಹಲಗೆಯನ್ನು ಗೋಡೆಗೆ ಒರಗಿಸಿ ಅಂಚೆಚೀಲ ಹೆಗಲಿಗೆ ಹಾಕಿಕೊಂಡು ಹೋದರು. ನಾನು ಅದನ್ನು ನೀರಿನ ಹಂಡೆಗೆ ಮುಚ್ಚಳ ಮಾಡಿದೆ. ಹೇಳಿಕೊಳ್ಳಲು ನಾಚಿಕೆ, ಐದು ವರ್ಷ ಅದು ಹಂಡೆಯ ಮೇಲೇ ಇತ್ತು.

ಕಸ್ತೂರಿಗೆ ಎಂಟು ತುಂಬಿದ ಮಳೆಗಾಲ ಮುಗಿದು ಬಿಸಿಲು ಏರಿದ ವಾರ ನನಗೆ ಜ್ವರ ಬಂತು. ಮೈ ಕೆಂಡ. ಇವರು ಬೆಳಿಗ್ಗೆಯೇ ಅಂಚೆ ಹಂಚಲು ಹೋಗಿಬಿಟ್ಟಿದ್ದರು. ಮಗಳು ನನ್ನ ಹಣೆಗೆ ಒದ್ದೆ ಬಟ್ಟೆ ಹಾಕಿ, ತೆಗೆದು, ಹಾಕಿ, "ಅಮ್ಮ, ನಾನೇ ಹೋಗ್ತೀನಿ, ನೀನು ಮಲಕ್ಕೋ" ಎಂದಳು. ನನಗೆ ಮಂಪರು. ಹೂಂ ಅಂದೆನಂತೆ. ಅವಳು ಹೋಗುವ ಹೊತ್ತಿಗೆ ಶಾಲೆಯ ಗಂಟೆ ಹೊಡೆದು ಎಲ್ಲರೂ ಒಳಗಾಗಿದ್ದರು. ಅಂಗಳದ ಮಕ್ಕಳು ಗಂಟೆಗೆ ಮೊದಲೇ ಬಂದು ಒಟ್ಟಿಗೆ ತಟ್ಟಿ ಒಳಗೆ ಹೋಗುವವರು, ಅವರೂ ಇರಲಿಲ್ಲ. ಅವಳು ಬಾಗಿಲ ಮುಂದೆ ನಿಂತಳು. ತೆರೆಯಲಿಲ್ಲ. ಹಿಂದೆ ಹೋಗಿ ಮತ್ತೆ ಬಂದಳು. ಪಕ್ಕದಿಂದ ಬಂದು ನೋಡಿದಳು. ಚಪ್ಪಲಿ ಕಳಚಿ ಬಂದು ನೋಡಿದಳು. ಒಳಗೆ ಮಗ್ಗಿ ಹೇಳುವುದು ಕೇಳುತ್ತಿತ್ತಂತೆ. ಕೂಗಬೇಕೆಂದಾಗಲಿ ತಟ್ಟಬೇಕೆಂದಾಗಲಿ ಅವಳಿಗೆ ಹೊಳೆಯಲಿಲ್ಲ, ತಟ್ಟುವುದು ಪಾಪದವರ ಕೆಲಸವಲ್ಲವೇ. ಒಂಬತ್ತೂವರೆಯಿಂದ ಹನ್ನೊಂದೂವರೆಯವರೆಗೆ, ಪುಸ್ತಕದ ಚೀಲ ಬೆನ್ನಿಗಿಟ್ಟುಕೊಂಡು, ಬಿಸಿಲಿನಲ್ಲಿ ನಿಂತೇ ಇದ್ದಳು ನನ್ನ ಮಗಳು.

ಶಾಲೆಯ ಅಂಚೆ ತಂದ ಇವರು ನೋಡಿದರು. "ಅಪ್ಪಾ, ಬಾಗಿಲು ಕೆಟ್ಟುಹೋಗಿದೆ" ಎಂದಳಂತೆ. ಇವರು ಅವಳನ್ನು ಎರಡು ಹೆಜ್ಜೆ ಹಿಂದೆ ನಿಲ್ಲಿಸಿ, ತಟ್ಟಿದರು. ಮೂರನೇ ಸಲಕ್ಕೆ ಮೇಷ್ಟರು ಬಂದು ಟಪಾಲು ತೆಗೆದುಕೊಂಡು, "ಏನಮ್ಮ ಕಸ್ತೂರಿ, ಲೇಟು?" ಎಂದರು. ಬಾಗಿಲು ಹಿಡಿದೇ ನಿಂತಿದ್ದರು. ಕಸ್ತೂರಿ ಒಳಗೆ ಹೋಗಲಿಲ್ಲ. ಇವರ ಬೆರಳುಗಳನ್ನು ನೋಡುತ್ತಿದ್ದಳು. ಆಮೇಲೆ ಚೀಲದ ಇನ್ನೊಂದು ಹಿಡಿ ಹಿಡಿದು ಇವರ ಜೊತೆ ಊರೆಲ್ಲ ಸುತ್ತಿ ಸಂಜೆ ಮನೆಗೆ ಬಂದಳು.

ಜ್ವರ ಬಿಟ್ಟು ನಾನು ಗಂಜಿ ಕುಡಿಯುತ್ತಿದ್ದೆ. ಪರದೆ ಸರಿಸಿ ಬಂದವಳು ನೇರ ನನ್ನ ಮುಂದೆ ಕೂತಳು. ಜಡೆ ಬಿಚ್ಚಿಹೋಗಿತ್ತು, ಮುಖ ಬಿಸಿಲಿಗೆ ಬೆಂದಿತ್ತು.

"ನೀನಿದ್ರೆ ತೆಗೆಯುತ್ತೆ, ನಾನೊಬ್ಬಳೇ ಇದ್ರೆ ತೆಗೆಯಲ್ಲ. ಅಲ್ವಾ?"

"ಕಸ್ತೂರೀ..."

"ನಿನಗೆ ಗೊತ್ತಿತ್ತಾ ಅಮ್ಮ?"

ಗಂಜಿಯ ಬಟ್ಟಲು ಕೆಳಗಿಟ್ಟೆ. ಸುಳ್ಳು ಹೇಳಬಹುದಿತ್ತು, ನಾಲಿಗೆಯ ತುದಿಗೆ ಬಂದೂ ಇತ್ತು. ಆಗಲಿಲ್ಲ. "ಗೊತ್ತಿತ್ತು" ಎಂದೆ. ಅವಳು ಅಳುತ್ತಾಳೆ, ನಾನು ಎದೆಗೆ ಅಪ್ಪಿಕೊಳ್ಳುತ್ತೇನೆ ಅಂದುಕೊಂಡಿದ್ದೆ. ಅವಳು ಅಳಲಿಲ್ಲ. ಎದ್ದು ಹೋಗಿ ಹಂಡೆಯ ಮೇಲಿನ ಹಲಗೆಯನ್ನು ತೆಗೆದು, ಲಂಗದಲ್ಲಿ ಒರೆಸಿ, ಅಪ್ಪನ ಹತ್ತಿರ ಕೂತಳು. ಅದು ಹಂಡೆಯ ಮುಚ್ಚಳ ಅಲ್ಲ, ತಟ್ಟುಹಲಗೆ ಎಂದು ಅವಳಿಗೆ ಯಾರು ಹೇಳಿದ್ದರೋ. ದಾರಿಯಲ್ಲಿ ಇವರೇ ಹೇಳಿರಬೇಕು.

ಅಂದಿನಿಂದ ಸಂಜೆ ಸಂಜೆ ಜಗಲಿಯ ಮೇಲೆ ಪಾಠ. ನಾನು ಒಳಗೆ ಒಲೆ ಮುಂದೆ, ಅವರಿಬ್ಬರೂ ಪರದೆಯ ಆಚೆ. ಗೆಣ್ಣು ಹೀಗೆ ಮಡಿಸಬೇಕು. ತಟ್ಟಿದ ಮೇಲೆ ಎರಡು ಹೆಜ್ಜೆ ಹಿಂದೆ ನಿಂತುಕೋ, ಕಿಟಕಿಯಿಂದ ನೋಡಿದವರಿಗೆ ಕೈ ಎರಡೂ ಕಾಣಬೇಕು. ನಿನ್ನ ಹೆಸರು ಹೇಳು, ಅಪ್ಪನ ಹೆಸರು ಹೇಳು, ಬಂದ ಕೆಲಸ ಹೇಳು. ಎರಡನೇ ಸಲ ತಟ್ಟುವಾಗ ಮೊದಲಿಗಿಂತ ಮೆಲ್ಲಗೆ.

"ಜೋರಾಗಿ ತಟ್ಟಿದ್ರೆ ಬೇಗ ಕೇಳ್ಸಲ್ವಾ ಅಪ್ಪ?"

"ಕೇಳ್ಸುತ್ತೆ. ಆದ್ರೆ ಕೋಪ ಮಾಡ್ಕೊಂಡಿದಾನೆ ಅಂದ್ಕೋತಾರೆ. ಆಮೇಲೆ ತೆಗೆಯೋದೇ ಇಲ್ಲ ಮಗಾ."

ಊರಿನ ಮನೆಗಳೆಲ್ಲ ಇವರ ತಲೆಯಲ್ಲಿದ್ದವು. ಹಸಿರು ಕಿಟಕಿಯ ಮನೆ ಎರಡು ಸಲ. ಡಾಕ್ಟರ ಮನೆ ನಾಲ್ಕು, ಅದೂ ಊಟದ ಹೊತ್ತಲ್ಲದಿದ್ದರೆ. ಮೂಲೆಯ ಮನೆಯ ಮುದುಕಿಗೆ ಕಿವಿ ಮಂದ, ಆದರೂ ಒಂದೇ ಸಲಕ್ಕೆ ಬರುತ್ತಾಳೆ, ಪುಣ್ಯಾತ್ಗಿತ್ತಿ. ಕಸ್ತೂರಿ ಒಪ್ಪಿಸುತ್ತಿದ್ದಳು, ತಪ್ಪಿದರೆ ಇಬ್ಬರೂ ನಗುತ್ತಿದ್ದರು. ಆ ನಗು ನನಗೆ ಗೊತ್ತಿತ್ತು, ಅದು ಕೇರಿಯ ನಗು. ಒಂದು ದಿನ ತಡೆಯಲಾಗದೆ ನಾನೂ ಹೋಗಿ ಹಲಗೆಯ ಮೇಲೆ ತಟ್ಟಿದೆ. ಕಸ್ತೂರಿ ನೋಡಿದಳು. "ನೀನು ತಟ್ಟಿದ್ರೆ ಆಟ ಆಡಿದ ಹಾಗಿದೆ ಅಮ್ಮ" ಎಂದಳು. ಕೊಂಕಿನಿಂದಲ್ಲ, ಇದ್ದದ್ದನ್ನು ಹೇಳಿದ್ದು. ನಾನು ಸಾರು ಉಕ್ಕುತ್ತಿದೆ ಎಂದು ಒಳಗೆ ಬಂದೆ. ಸಾರು ಉಕ್ಕುತ್ತಿರಲಿಲ್ಲ.

ಹಠ ಬಂತು. ಇವರಿಬ್ಬರೂ ನಿಲ್ಲುವ ಜಾಗದಲ್ಲಿ ಒಂದೇ ಒಂದು ಸಲ ನಿಂತು ನೋಡಬೇಕು, ನನ್ನ ಗೆಣ್ಣಿಗೂ ಬಾಗಿಲು ತಾಕಬೇಕು ಎಂದು ಊರಲ್ಲಿ ಹೊರಟೆ. ಹೋದಲ್ಲೆಲ್ಲ ನಾನು ಕೈ ಎತ್ತುವ ಮೊದಲೇ ತೆರೆದುಕೊಂಡವು ದರಿದ್ರದವು. ಹೊಳೆದಂಡೆಯ ಹಳೇ ಉಪ್ಪಿನ ಗೋದಾಮು, ಹತ್ತು ವರ್ಷದಿಂದ ಯಾರೂ ಕಾಲಿಡದ್ದು, ತುಕ್ಕು ಹಿಡಿದ ಬಾಗಿಲು. ಅದೂ ಕಿರ್ ಎಂದು ತೆರೆದು ಬಾ ತಾಯಿ ಅಂದಿತು. ಒಳಗಿಂದ ಎರಡು ಬಾವಲಿ ಹಾರಿಹೋದವು. ಅಕ್ಕಿ ಅಂಗಡಿಯ ಬಾಗಿಲಿಗೆ ಮುಷ್ಟಿ ಹಿಡಿದು ಓಡಿಕೊಂಡೇ ಹೋದೆ, ಅದು ನನಗಿಂತ ಬೇಗ ತೆರೆದು ನಾನು ನೇರ ಹೋಗಿ ಮೂಟೆಯ ಮೇಲೆ ಬಿದ್ದೆ. ಅಂಗಡಿಯವನು "ಏನಕ್ಕಾ, ಅಷ್ಟು ಅವಸರ?" ಎಂದು ಎಬ್ಬಿಸಿದ. ಮನೆಗೆ ಬರುವ ದಾರಿಯಲ್ಲಿ ಅಳು ಬಂತು. ಊರಿನ ಬಾಗಿಲೆಲ್ಲ ನನಗೆ ತೆರೆದಿವೆ, ಆದರೆ ನನ್ನ ಮಗಳು ನಿಂತಿರುವ ಜಾಗಕ್ಕೆ ಹೋಗುವ ದಾರಿ ಯಾವುದರಲ್ಲೂ ಇಲ್ಲ.

ಆಮೇಲೆ ನನಗೆ ಇನ್ನೊಂದು ಹುಚ್ಚು ಹತ್ತಿತು. ಒಳಗೆ ಕೂತಿರುವಾಗ ಸದ್ದು ಕೇಳತೊಡಗಿತು. ಬ್ಯಾಂಕಿನಲ್ಲಿ, ದವಾಖಾನೆಯಲ್ಲಿ, ಎಲ್ಲೆಲ್ಲೂ ಠಕ್ ಠಕ್. ದೇವರೇ, ಇಷ್ಟೊಂದು ಜನ ತಟ್ಟುತ್ತಿದ್ದರೇ? ನಾನು ಎದ್ದು ಹೋಗುತ್ತಿದ್ದೆ. ಏನೂ ಕಷ್ಟವಿಲ್ಲ ನೋಡಿ, ಬಾಗಿಲು ನನ್ನನ್ನು ಕಂಡರೆ ತಾನೇ ತೆರೆಯುತ್ತದೆ, ಕೈ ಕೂಡ ಎತ್ತಬೇಕಿಲ್ಲ. ಎದ್ದು ಮೂರು ಹೆಜ್ಜೆ ನಡೆದರೆ ಮುಗಿಯಿತು. ಮೂವತ್ತೈದು ವರ್ಷ ನಾನು ಆ ಮೂರು ಹೆಜ್ಜೆ ನಡೆದಿರಲಿಲ್ಲ. ಒಂದು ದಿನ ದವಾಖಾನೆಯಲ್ಲಿ ಇವರಿಗೇ ತೆರೆದೆ. ಇವರು ಟಪಾಲು ಕೊಟ್ಟು ನನ್ನನ್ನು ಪಕ್ಕಕ್ಕೆ ಕರೆದರು. "ತೆಗೆಯೋದು ಒಳ್ಳೇದೇ ಇಂದೂ. ಆದ್ರೆ ತೆಗೆದಾಗ ಮುಖದ ಮೇಲೆ ಆ ನಗು ಇರುತ್ತಲ್ಲ, ಅದೊಂದು ಬೇಡ ಮಾರಾಯ್ತಿ." ಯಾವ ನಗು ಎಂದು ಕೇಳಲಿಲ್ಲ. ನನಗೇ ಗೊತ್ತಿತ್ತು.

ಇದೆಲ್ಲದರ ನಡುವೆ ಮೂರು ಶುಕ್ರವಾರ ಅಮ್ಮನ ಮನೆಗೆ ಹೋಗಿರಲಿಲ್ಲ. ಜ್ವರ ಎಂದು ಹೇಳಿ ಕಳಿಸಿದೆ, ಕೆಮ್ಮು ಎಂದು ಹೇಳಿ ಕಳಿಸಿದೆ. ಕಸ್ತೂರಿ ಹೋದರೆ ವಿಷಯ ಬಯಲಾಗುತ್ತದೆ, ಬಯಲಾದರೆ ಅಮ್ಮ ಮತ್ತೆ ಬದನೆಕಾಯಿಯ ಮೇಲೆ ಬಗ್ಗುತ್ತಾಳೆ, ಈ ಸಲ ಮಗುವನ್ನು ಕಂಡೂ ಬಗ್ಗುತ್ತಾಳೆ. ನಾಲ್ಕನೇ ಶುಕ್ರವಾರ ಬೆಳಿಗ್ಗೆ ಕಸ್ತೂರಿಯೇ ಕೇಳಿದಳು.

"ಅಪ್ಪಾ, ಅಜ್ಜಿ ಮನೆಗೆ ಎಷ್ಟು ಸಲ?"

ಇವರ ಕೈ ಚೀಲದ ಮೇಲೆ ನಿಂತಿತು. ಹತ್ತು ವರ್ಷದಿಂದ ಅಮ್ಮನ ಟಪಾಲು ಕೊಡುತ್ತಿರುವವರು ಇವರೇ. ಆ ಬಾಗಿಲು ಇವರಿಗೆ ಒಂದು ದಿನವೂ ತೆರೆದಿಲ್ಲ, ಕಿಟಕಿಯ ಸರಳಿನಲ್ಲಿ ಸಿಕ್ಕಿಸಿ ಬರುತ್ತಾರೆ. ನನಗೂ ಗೊತ್ತಿತ್ತು, ನಾವು ಆ ಮಾತು ಎತ್ತುತ್ತಿರಲಿಲ್ಲ. ಇವರು ನನ್ನ ಮುಖ ನೋಡಿದರು. "ಗೊತ್ತಿಲ್ಲ ಮಗಾ" ಎಂದರು. ಇವರು ಅವಳಿಗೆ ಹೇಳಿದ ಮೊದಲ ಸುಳ್ಳು ಅದು. ಸುಳ್ಳು ಹೇಳುವುದರಲ್ಲಾದರೂ ನಾವಿಬ್ಬರೂ ಒಂದೇ ಕಡೆ ನಿಂತೆವಲ್ಲ ಅನ್ನಿಸಿತು.

"ಹಾಗಾದ್ರೆ ನಾನೇ ನೋಡ್ತೀನಿ" ಎಂದಳು ಕಸ್ತೂರಿ. "ಅಮ್ಮ, ನೀನು ಬಾ. ಆದ್ರೆ ಬೇವಿನ ಮರದ ಹತ್ರ ನಿಂತ್ಕೋಬೇಕು. ಮುಂದೆ ಬರಬಾರದು. ಮಾತು ಕೊಡು." ಕೊಟ್ಟೆ. ಅವತ್ತು ಅವಳ ಕೂದಲಿಗೆ ಎಣ್ಣೆ ಹಾಕಲಿಲ್ಲ. ಬೇಡ ಅಂದಳು. ಬಿಚ್ಚಿದ ಕೂದಲು ತಲೆಯ ಸುತ್ತ ಎದ್ದು ನಿಂತಿತ್ತು.

ಮಧ್ಯಾಹ್ನ ಮೂರರ ಹೊತ್ತು. ಶುಕ್ರವಾರ ಅಮ್ಮನ ಮನೆಯಲ್ಲಿ ಅವಳ ಗೆಳತಿಯರು ಸೇರುತ್ತಾರೆ, ನಡುಮನೆಯಲ್ಲಿ ಚೌಕಾಬಾರ. ಕಿಟಕಿಯಿಂದ ಕವಡೆಯ ಸದ್ದು, ಗದ್ದಲ ಎಲ್ಲ ಮರದವರೆಗೆ ಕೇಳುತ್ತಿತ್ತು. ಅಮ್ಮ ಬೆನ್ನು ಮಾಡಿ ಕೂತಿದ್ದಳು, ಅವಳ ಬಿಳಿ ತುರುಬು ಕಾಣುತ್ತಿತ್ತು. ಕಸ್ತೂರಿ ಬಾಗಿಲು ತಟ್ಟಿ ಎರಡು ಹೆಜ್ಜೆ ಹಿಂದೆ ಸರಿದಳು. ನಿಂತಳು. ಕೈ ಎರಡೂ ಮುಂದೆ. "ನಾನು ದುಗ್ಗಪ್ಪನ ಮಗಳು ಕಸ್ತೂರಿ. ಅಜ್ಜೀನ ನೋಡೋಕೆ ಬಂದಿದೀನಿ."

ಒಳಗೆ ಯಾರಿಗೋ ಗರ ಬಿದ್ದು ಚಪ್ಪಾಳೆ ತಟ್ಟಿದರು. ಅವಳು ಕಾದಳು. ಎರಡನೇ ಸಲ, ಮೊದಲಿಗಿಂತ ಮೆಲ್ಲಗೆ. ಗೆಳತಿಯರಲ್ಲೊಬ್ಬಳು ಅಂದಳು, "ಯಾರೋ ತಟ್ತಿದಾರೆ." ಇನ್ನೊಬ್ಬಳು, "ಅಂಚೆಯವನಿರಬೇಕು. ಕಿಟಕೀಲಿ ಇಟ್ಟು ಹೋಗ್ತಾನೆ ಬಿಡ್ರೀ, ನಿಮ್ಮ ಆಟ ಆಡಿ." ಅಮ್ಮನ ತುರುಬು ಅಲ್ಲಾಡಲಿಲ್ಲ. ಮೂರನೇ ಸಲ. ನನ್ನ ಕಾಲು ನನ್ನ ಮಾತು ಕೇಳದೆ ಮುಂದೆ ಹೋಗಿಬಿಟ್ಟಿತ್ತು. ಬೀದಿ ಅರ್ಧ ದಾಟಿದ್ದೆ. ಇನ್ನು ನಾಲ್ಕು ಹೆಜ್ಜೆ, ಬಾಗಿಲು ತೆರೆಯುತ್ತದೆ, ಮಗು ಒಳಗೆ ಹೋಗುತ್ತದೆ, ಪಾಯಸ ಕುಡಿಯುತ್ತದೆ, ಎಲ್ಲ ಮೊದಲಿನ ಹಾಗೆ. ಕಸ್ತೂರಿ ತಿರುಗಿ ನೋಡಿದಳು. ಬೇಡ ಎಂದು ತಲೆ ಆಡಿಸಿದಳು, ಅಷ್ಟೇ. ನಾನು ಹಿಂದೆ ಹಿಂದೆ ಬಂದು ಮರಕ್ಕೆ ಬೆನ್ನು ಕೊಟ್ಟು ನಿಂತೆ. ಒಬ್ಬ ತಾಯಿ ಏನೇನು ಮಾಡಬೇಕಾಗುತ್ತದೋ ಅದರಲ್ಲೆಲ್ಲ ಕಷ್ಟದ್ದು ಇದೇ ಇರಬೇಕು.

ನಾಲ್ಕನೇ ಸಲಕ್ಕೆ ಅಮ್ಮ ಕೂಗಿದಳು, ಕೂತಲ್ಲಿಂದಲೇ. "ಯಾರದು?"

"ಕಸ್ತೂರಿ, ಅಜ್ಜಿ."

"ನೀನಾ? ಏನೇ ಇದು ಹುಡುಗಾಟ, ಒಳಗೆ ಬಾರೇ!"

"ಬರಕ್ಕಾಗಲ್ಲ ಅಜ್ಜಿ."

ಕವಡೆಗಳು ನಿಂತವು. ಬೀದಿಯಲ್ಲಿ ಒಂದು ಸೈಕಲ್ ಹೋಯಿತು. ಒಳಗಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿರುವುದು ನನಗೆ ಮರದ ಹತ್ತಿರದಿಂದಲೇ ಕಾಣುತ್ತಿತ್ತು.

"ನಿಮ್ಮಮ್ಮ ಎಲ್ಲಿ? ಅವಳನ್ನ ಕರಿ."

"ಮರದ ಹತ್ರ ಇದಾಳೆ. ಅವಳು ಬೇಡ. ನೀನೇ ಬಾ ಅಜ್ಜಿ."

ಆಮೇಲೆ ಬಿಳಿ ತುರುಬು ಮೇಲೆದ್ದಿತು. ಮಂಡಿ ಹಿಡಿದುಕೊಂಡು, ಗೋಡೆ ಹಿಡಿದುಕೊಂಡು, ನಾಲ್ಕು ಜನ ಗೆಳತಿಯರ ಕಣ್ಣೆದುರಿಗೆ ನಮ್ಮಮ್ಮ ಎದ್ದಳು. ಬಾಗಿಲು ತೆರೆಯಿತು. ಅವಳು ಹೊಸ್ತಿಲ ಮೇಲೆ ನಿಂತು ಮಗುವಿನ ಕೂದಲು ನೋಡಿದಳು, ಮಗುವಿನ ತಲೆಯ ಮೇಲಿಂದ ನನ್ನನ್ನು ನೋಡಿದಳು. ಕಸ್ತೂರಿಯ ಕೈ ಹಿಡಿದು ಒಳಗೆ ಕರೆದುಕೊಂಡಳು. ಬಾಗಿಲು ಮುಚ್ಚಿತು.

ನಾನು ಹೋಗಬಹುದಿತ್ತು. ಹೋದರೆ ತೆರೆಯುತ್ತಿತ್ತು. ಹೋಗಲಿಲ್ಲ. ಯಾರಾದರೂ ಕರೆಯಲಿ ಎಂದು ಕಾದೆ. ಹುಟ್ಟಿದಾಗಿನಿಂದ ಹಾಗೆ ಕಾದವಳಲ್ಲ. ಎಲ್ಲಿ ನೋಡಬೇಕು, ಕೈ ಎಲ್ಲಿಟ್ಟುಕೊಳ್ಳಬೇಕು ಒಂದೂ ತಿಳಿಯಲಿಲ್ಲ. ಬೀದಿಯಲ್ಲಿ ಹೋಗುವವರು ನೋಡಿದರೆ ಸುಮ್ಮನೆ ಸೆರಗು ಸರಿಮಾಡಿಕೊಂಡೆ. ಒಳಗೆ ಕವಡೆ ಮತ್ತೆ ಶುರುವಾಯಿತು. ಹೊಸ್ತಿಲಿನ ದಿನ ಇವರು ಇದೇ ಮರದ ಕೆಳಗೆ ಇದ್ದರಲ್ಲ, ಏನು ಯೋಚಿಸಿದ್ದಿರಬಹುದು ಎಂದು ಕೇಳಿಕೊಂಡೆ. ಅವತ್ತು ಮನೆಗೆ ಹೋದ ಮೇಲೆ ನಾನು ಇವರಿಗೆ ಪಾಯಸ ಕೂಡ ತಂದುಕೊಟ್ಟಿರಲಿಲ್ಲ.

ಮುಕ್ಕಾಲು ಗಂಟೆಯ ಮೇಲೆ ಕಸ್ತೂರಿ ಒಂದು ತಟ್ಟೆ ಹಿಡಿದು ಹೊರಗೆ ಬಂದಳು. ಎರಡು ಹೋಳಿಗೆ, ಒಂದಿಷ್ಟು ಕೋಸಂಬರಿ.

"ಅಜ್ಜಿ ಕೊಟ್ಟಳು. ನೀನು ಇಲ್ಲೇ ತಿನ್ನಬೇಕಂತೆ."

"ಮತ್ತೇನಂದ್ಲು?"

"ಹೊಸ್ತಿಲಿನ ದಿನ ನೀನು ಓಡಿ ಬಂದಿದ್ದನ್ನ ನೋಡಿದ್ಲಂತೆ. ಅವತ್ತೇ ಗೊತ್ತಿತ್ತಂತೆ."

ಹಾಗಾದರೆ ಎಲ್ಲರಿಗೂ ಗೊತ್ತಿತ್ತು. ಅಮ್ಮನಿಗೆ, ಇವರಿಗೆ, ನನಗೆ. ಗೊತ್ತಿಲ್ಲದೆ ಬಿಸಿಲಲ್ಲಿ ನಿಂತವಳು ಇವಳೊಬ್ಬಳೇ. "ನಾನು ಬರ್ತೀನಿ, ನನ್ನ ಕಾಯಿ ಹಣ್ಣಾಗೋದಿದೆ" ಎಂದು ಕಸ್ತೂರಿ ಓಡಿದಳು. ಬಾಗಿಲು ಮುಚ್ಚಿಕೊಂಡಿತ್ತು. ಅವಳು ನಿಂತು ತಟ್ಟಿದಳು. ಬಾಗಿಲು ತೆರೆಯಿತು. ಒಂದೇ ಸಲಕ್ಕೆ. ಅಮ್ಮ ಅಷ್ಟು ಹೊತ್ತೂ ಬಾಗಿಲ ಹಿಂದೆಯೇ ನಿಂತು ಕಾಯುತ್ತಿದ್ದಿರಬೇಕು.

ಖುಷಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸಂಜೆ ಕಸ್ತೂರಿ ಕೇರಿಯ ತುದಿಯಲ್ಲೇ ಆಟಕ್ಕೆ ನಿಂತಳು, ನಾನು ತಟ್ಟೆ ಹಿಡಿದು ಹೆಚ್ಚುಕಡಿಮೆ ಓಡಿಕೊಂಡೇ ಬಂದೆ. ಒಂದು ಹೋಳಿಗೆ ಇವರಿಗೆಂದು ಉಳಿಸಿದ್ದೆ. ಇವರು ಜಗಲಿಯ ಪಕ್ಕದಲ್ಲಿ ಅಂಚೆಚೀಲ ಇಳಿಸಿ ಕಾಲು ತೊಳೆಯುತ್ತಿದ್ದರು.

"ರೀ, ಕೇಳಿದ್ರಾ? ಅಮ್ಮನ ಮನೆ, ಒಂದೇ ಸಲ! ನಿಮ್ಮ ಲೆಕ್ಕದಲ್ಲಿ ಸೇರಿಸ್ಕೊಳ್ಳಿ. ಒಂದೇ ಸಲಕ್ಕೆ ತೆಗೆದ್ಲು!"

ಇವರು ಇನ್ನೊಂದು ಚೊಂಬು ನೀರು ಹಾಕಿಕೊಂಡು ಹಿಮ್ಮಡಿ ಉಜ್ಜಿದರು. ತಲೆ ಎತ್ತಲಿಲ್ಲ.

"ಯಾರಿಗೆ?" ಎಂದು ಕೇಳಿದರು.

ಆ ದನಿಯಲ್ಲಿ ಕೋಪವಿರಲಿಲ್ಲ. ಪಕ್ಕದಲ್ಲಿದ್ದ ಚೀಲದ ಬಾಯಿಂದ ನಾಳೆಯ ಟಪಾಲು ಇಣುಕುತ್ತಿತ್ತು, ಎಲ್ಲಕ್ಕಿಂತ ಮೇಲೆ ಅಮ್ಮನ ಹೆಸರಿನದೊಂದು ಲಕೋಟೆ. ನಾನು ಅಮ್ಮನ ತಟ್ಟೆ ಹಿಡಿದುಕೊಂಡು ಪರದೆಯ ಮುಂದೆ ಹಾಗೇ ನಿಂತಿದ್ದೆ.